ರಾಜಗೋಪಾಲನಗರದ ಆಕಳಿಕೆ ಮತ್ತು ನಂತರದ ಬೆಳವಣಿಗೆಗಳು

ಕಳೆದ ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ ರಾಜಗೋಪಾಲನಗರದಲ್ಲಿ ವ್ಯಕ್ತಿಯೊಬ್ಬರು ಆಕಳಿಸಿದರು. ಪ್ರಾಣಹಾನಿ ಸಂಭವಿಸಿಲ್ಲ. ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಮಾತನಾಡುತ್ತಿದ್ದವನು ನಾನು. ಭಾಷಣ ಮಾಡುವವರ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದರೆ ಈ ಆಕಳಿಕೆ ಅಲ್ಲಿಗೇ ನಿಲ್ಲಲಿಲ್ಲ.

೧. ಆಕಳಿಕೆ

ಆಕಳಿಸಿದವರು ಮೈಕ್ ಸೆಟ್‌ನವರು. ಅವರ ಆಕಳಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪೀಣ್ಯದ ಸುತ್ತಮುತ್ತ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಶುರುವಾಗಿ, ಕೊನೆಯ ಸಂಘಕ್ಕೆ ಶಾಮಿಯಾನ ಸಿಗುವವರೆಗೆ ನಡೆಯುತ್ತದೆ. ಅಷ್ಟೂ ಭಾಷಣಗಳನ್ನು ಪೂರ್ತಿ ಕೇಳುವವರು ಇಡೀ ಬಡಾವಣೆಯಲ್ಲಿ ಅವರೊಬ್ಬರೇ. ಕಾರಣ, ಮೈಕು ಅವರದು. ಆಕಳಿಕೆ ಅವರಿಂದ ಮೊದಲ ಸಾಲಿಗೆ ದಾಟಿ, ಅಲ್ಲಿಂದ ಕೊನೆಯ ಸಾಲಿಗೆ ಹೋಯಿತು. ಅದರ ಹಿಂದೆಯೇ ಜನರೂ ಹೋದರು.

ಸಂಘದ ಅಧ್ಯಕ್ಷರು ಇಲ್ಲಿನ ಹಳೆಯ ರೈತ ಮನೆತನದವರು. ಅವರ ರಾಗಿ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ರೂಮುಗಳು ನಿಂತಿವೆ. ನನಗೆ ಶಾಲು ಹೊದಿಸುತ್ತಲೇ ಕಿವಿಯಲ್ಲಿ ಹೇಳಿದರು: “ಮುಂದಿನ್ ಭಾನ್ವಾರ ಹಿಂದಿನ ಬೀದೀಲಿ ಫಂಕ್ಷನ್ ಐತೆ ಸಾರ್. ಅಲ್ಲೂ ಇಂಗೇ ಜನ ಎದ್ದೋದ್ರೆ, ಬರೋ ವರ್ಷ ಮಿಮಿಕ್ರಿಯೋರನ್ನ ಕರೆಸ್ತೀವಿ. ಬೇಜಾರ್ ಮಾಡ್ಕಬೇಡಿ.”

ಬೇಜಾರಾಯಿತು. ಶಾಲುಗಳು ಬೀರುವಿನಲ್ಲಿ ಬೇಕಾದಷ್ಟಿವೆ. ಆದರೆ ಪತ್ರಿಕೆಗೆ ಅಂಕಣ ಬರೆಯುವವನಿಗೆ ಓದುವವರ ಮುಖ ಕಾಣುವುದಿಲ್ಲ. ಒಂಬತ್ತು ವರ್ಷಗಳಿಂದ ನಾನು ಮುಖ ನೋಡುತ್ತಿದ್ದದ್ದು ಈ ಸಂಘದ ವೇದಿಕೆಯಿಂದಲೇ. ಆಕಳಿಸುವ ಮುಖವಾದರೂ ಅದು ಮುಖವೇ. ಜನ ಯಾಕೆ ಕೂರುತ್ತಾರೆ, ಯಾಕೆ ಏಳುತ್ತಾರೆ ಎಂದು ತಿಳಿಯಲು ನನಗೆ ಒಂದು ವಾರವಿತ್ತು. ಅದೃಷ್ಟಕ್ಕೆ ಆ ವಾರ ಇನ್ನೆರಡು ಕಡೆ ಕರೆದಿದ್ದರು.

೨. ತುಂಬುತ್ತಾ ಹೋದ ಸಭೆ

ಮೊದಲನೆಯದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ. ಗಾಜಿನ ಗೋಡೆಯ ಕೋಣೆ, ಮಧ್ಯಾಹ್ನ ಮೂರು ಗಂಟೆ, ಹನ್ನೆರಡು ಜನ. ಅವರಲ್ಲಿ ಏಳು ಮಂದಿ ಲ್ಯಾಪ್‌ಟಾಪ್ ತೆರೆದುಕೊಂಡಿದ್ದರು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ಭಾವಿಸಿದೆ.

ಮೂರೂಮುಕ್ಕಾಲಿಗೆ ಬಾಗಿಲು ತೆರೆದು ಇಬ್ಬರು ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಆಮೇಲೆ ಐದು ಮಂದಿ. ಗಾಜಿನಾಚೆ ಇನ್ನೂ ಹಲವರು ಗಡಿಯಾರ ನೋಡುತ್ತಾ ಕಾಯುತ್ತಿದ್ದರು. ಭಾಷಣದ ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿದೆ ಎಂದು ನನಗೆ ಖಚಿತವಾಯಿತು. ಮುಗಿಸಬೇಕೆಂದಿದ್ದವನು ನಮ್ಮ ನದಿಗಳ ವಿಷಯವನ್ನು ಹೊಸದಾಗಿ ಎತ್ತಿಕೊಂಡೆ. ನಾಲ್ಕೂ ಐದಕ್ಕೆ ಮಾತು ನಿಲ್ಲಿಸಿದಾಗ ನಿಂತವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಕೂತವರಿಗಿಂತ ಅವರದೇ ಜೋರು.

ಒಬ್ಬ ಹುಡುಗಿ ಹತ್ತಿರ ಬಂದಳು. “ಸಕ್ಕತ್ತಾಗಿತ್ತು ಸಾರ್. ನಾಲ್ಕರಿಂದ ಈ ರೂಮು ನಮ್ಮ ಮೀಟಿಂಗ್‌ಗೆ ಬುಕ್ ಆಗಿದೆ. ಸ್ವಲ್ಪ ಆ ಕಡೆ ಬರ್ತೀರಾ? ಪ್ರೊಜೆಕ್ಟರ್ ವೈರ್ ಮೇಲೆ ನಿಂತಿದ್ದೀರ.”

೩. ತಲೆದೂಗಿದವರು

ಎರಡನೆಯದು ಪೀಣ್ಯದ ಒಂದು ಪ್ರೆಸ್ ಶಾಪ್. ತಗಡಿನ ಹಾಳೆಯನ್ನು ಯಂತ್ರದಡಿ ಇಟ್ಟು ಒತ್ತಿ ಭಾಗಗಳನ್ನು ತೆಗೆಯುವ ಜಾಗ. ಊಟದ ವಿರಾಮದಲ್ಲಿ ಕಾರ್ಯಕ್ರಮ. ಈ ಶೆಡ್ಡಿನ ಯಂತ್ರಗಳನ್ನು ನಿಲ್ಲಿಸಿದ್ದರು. ಪಕ್ಕದ ಶೆಡ್ಡಿನವನ್ನು ನಿಲ್ಲಿಸಿರಲಿಲ್ಲ. ಆದರೂ ಅಂಥ ಸಭಿಕರನ್ನು ನಾನು ಕಂಡಿಲ್ಲ. ಪ್ರತಿ ವಾಕ್ಯಕ್ಕೂ ಎಲ್ಲರೂ ಒಟ್ಟಿಗೆ ತಲೆದೂಗುತ್ತಿದ್ದರು. ಕನ್ನಡ ಉಳಿಯಬೇಕು ಎಂದೆ, ತಲೆದೂಗಿದರು. ನೀರು ಕುಡಿದೆ, ಅದಕ್ಕೂ ದೂಗಿದರು.

ಮುಗಿದ ಮೇಲೆ ಮೊದಲ ಸಾಲಿನಲ್ಲಿದ್ದ ವಿಜಯಪುರ ಕಡೆಯ ಕಾರ್ಮಿಕರೊಬ್ಬರನ್ನು, ಯಾವ ಮಾತು ಹಿಡಿಸಿತು ಎಂದು ಕೇಳಿದೆ. ಅವರು ಕಿವಿಯಿಂದ ಸ್ಪಂಜಿನ ಬಿರಡೆ ತೆಗೆದು, ಏನಂದ್ರಿ ಎಂದರು. ಮತ್ತೆ ಕೇಳಿದೆ.

“ಏನೂ ಕೇಳಸಲಿಲ್ರಿ ಸರ್. ಇಲ್ಲಿ ಯಾರರೆ ಬಾಯಿ ಅಲ್ಲಾಡಿಸಿದ್ರ ನಾವು ತಲಿ ಅಲ್ಲಾಡಸ್ತೀವಿ. ಇಲ್ಲಾಂದ್ರ ಸೂಪರ್‌ವೈಸರ್ ಮತ್ತ ಮೊದ್ಲಿಂದ ಹೇಳ್ತಾರ.”

೪. ತಜ್ಞರ ಅಭಿಪ್ರಾಯ

ಶನಿವಾರ ಮೈಕ್ ಸೆಟ್‌ನವರನ್ನೇ ಹುಡುಕಿಕೊಂಡು ಹೋದೆ. ವೈರು ಸುತ್ತುತ್ತಿದ್ದರು. ನನ್ನ ಭಾಷಣದಲ್ಲಿ ಏನು ಕೊರತೆ ಎಂದು ಕೇಳಿದ್ದಕ್ಕೆ, ಕೊರತೆ ಏನೂ ಇಲ್ಲ, ದನಿ ಒಂದೇ ಏರಿನಲ್ಲಿ ಹೋಗುತ್ತದೆ, ಆಂಪ್ಲಿಫೈಯರ್ ಮುಟ್ಟುವ ಕೆಲಸವೇ ಇರುವುದಿಲ್ಲ ಎಂದರು. ಹೊಗಳಿಕೆ ಎಂದುಕೊಂಡೆ. ಆಮೇಲೆ ಅವರಾಗಿಯೇ ಇನ್ನೊಂದು ವಿಷಯ ತಿಳಿಸಿದರು. ಬೀದಿಯ ಕಂಬಗಳಿಗೆ ಕಟ್ಟಿದ ಹಾರ್ನುಗಳನ್ನು ಹಾಡಿಗೆ ಮಾತ್ರ ಹಾಕುತ್ತಾರಂತೆ. ಭಾಷಣ ಶುರುವಾದ ಕೂಡಲೇ ಆಫ್. ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗಿರುತ್ತಾರೆ, ಪಾಪ.

ಒಂಬತ್ತು ವರ್ಷ ನನ್ನ ಮಾತು ಶಾಮಿಯಾನ ದಾಟಿರಲಿಲ್ಲ. ನಾಳೆ ಒಂದು ದಿನ ಹಾರ್ನ್ ಹಾಕಿ ಎಂದು ಬೇಡಿಕೊಂಡೆ. “ನಿಮ್ಮಿಷ್ಟ ಸಾರ್. ಯಾರಾದ್ರೂ ಜಗಳಕ್ಕೆ ಬಂದ್ರೆ ನೀವೇ ಮಾತಾಡಿ,” ಎಂದರು.

೫. ಹಿಂದಿನ ಬೀದಿ

ಭಾನುವಾರ ಸಂಘದವರು ಒಂದು ತಪ್ಪು ಮಾಡಿದರು. ಮ್ಯೂಸಿಕಲ್ ಚೇರ್ ಬಹುಮಾನಗಳನ್ನು ಭಾಷಣಕ್ಕೆ ಮೊದಲೇ ಹಂಚಿಬಿಟ್ಟರು. ಡಬ್ಬಿ, ತಟ್ಟೆ ಸಿಕ್ಕವರು ಮನೆಗೆ ಹೋದರು. ಸಿಗದವರು ಅದಕ್ಕೂ ಮೊದಲೇ ಹೋಗಿದ್ದರು. ಇಪ್ಪತ್ತು ನಿಮಿಷದಲ್ಲಿ ಉಳಿದವರು ಅಧ್ಯಕ್ಷರು, ಮೈಕ್ ಸೆಟ್‌ನವರು ಮತ್ತು ಕುರ್ಚಿಗಳು. ಅಧ್ಯಕ್ಷರು ಮೊಬೈಲ್ ತೆಗೆದು ಯಾರದೋ ನಂಬರ್ ಹುಡುಕತೊಡಗಿದರು. ಮಿಮಿಕ್ರಿಯವರದೇ ಇರಬೇಕು.

ಅಷ್ಟರಲ್ಲಿ ಪಕ್ಕದ ವಠಾರದಿಂದ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ವೇದಿಕೆಗೇ ಬಂದರು. ಮೈಕ್ ಸೆಟ್‌ನವರು ನನ್ನ ಕಡೆ ನೋಡಿದರು. ನಾನು ಮಾತು ನಿಲ್ಲಿಸಿ, ಕ್ಷಮಿಸಿ ಅಮ್ಮ, ಈಗಲೇ ಹಾರ್ನ್ ತೆಗೆಸುತ್ತೇನೆ ಎಂದೆ.

“ನಿಲ್ಲಿಸಬ್ಯಾಡ್ರಿ ಸರ್,” ಅಂದರು ಆಕೆ, ಮೆಲ್ಲಗೆ. “ನಮ್ಮನಿಯವರು ಪ್ರೆಸ್ ಶಾಪಿನ್ಯಾಗ ನೈಟ್ ಶಿಫ್ಟ್. ನಮ್ಮ ರೂಮಿನ ಬಾಜೂಕ ಗ್ರೈಂಡಿಂಗ್ ಮಷೀನ್ ಬಂದಾಗಿಂದ ಹಗಲ ನಿದ್ದಿ ಇಲ್ರಿ. ಮೊನ್ನೆ ಮಷೀನ್ ಮುಂದನ ತೂಕಡಿಸ್ಯಾರ. ಇನ್ನೊಮ್ಮಿ ಆದ್ರ ಕೆಲಸಾ ಹೋಕ್ಕತಿ, ಇಲ್ಲಾ ಕೈಬಟ್ಟು ಹೋಗ್ತಾವ. ನೀವು ಸುರು ಮಾಡಿ ಹತ್ತ ನಿಮಿಷಕ್ಕ ಮಲಗ್ಯಾರ. ಈಗ ನಿಲ್ಲಿಸಿದ್ರ ಎದ್ದಬಿಡ್ತಾರ.”

ನಾನು ಅಧ್ಯಕ್ಷರನ್ನು ನೋಡಿದೆ. ರೂಮು ಅವರದೇ, ಬಾಡಿಗೆದಾರರೂ ಅವರವರೇ. ಅವರು ಮೊಬೈಲನ್ನು ಜೇಬಿಗಿಟ್ಟರು. “ಮಾತಾಡಿ ಸಾರ್. ಒಂದೇ ಏರಲ್ಲಿ.”

ಮೂರೂವರೆಯವರೆಗೆ ಮಾತನಾಡಿದೆ. ಕನ್ನಡ ಹನ್ನೆರಡಕ್ಕೆ ಮುಗಿಯಿತು. ನದಿಗಳು ಒಂದು ಗಂಟೆಗೆ. ಆಮೇಲೆ ಜಿಲ್ಲೆಗಳನ್ನೂ ತಾಲ್ಲೂಕುಗಳನ್ನೂ ಹೇಳಿದೆ. ಕೊನೆಗೆ ಮುದ್ದೆ ತಿರುವುವ ಕ್ರಮವನ್ನು ಎರಡು ಸಲ. ಮೈಕ್ ಸೆಟ್‌ನವರು ಒಂದೂವರೆಗೇ ನಿದ್ದೆ ಹೋಗಿದ್ದರು. ಹತ್ತಿರದ ಹಾರ್ನಿನ ಕೆಳಗೆ, ಆಕೆಯ ರೂಮಿನ ಕಿಟಕಿ ಮಾತ್ರ ಮುಚ್ಚಿಯೇ ಇತ್ತು; ನಾನು ಮಾತಾಡಿದ್ದೆಲ್ಲ ಅದನ್ನೇ ನೋಡಿಕೊಂಡು.

ಈ ವರ್ಷ ಸಂಜೆಯ ಕಾರ್ಯಕ್ರಮವನ್ನು ಮಿಮಿಕ್ರಿಯವರಿಗೆ ಕೊಟ್ಟಿದ್ದಾರೆ. ನನ್ನ ಭಾಷಣ ನವೆಂಬರ್‌ನ ಎಲ್ಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ವೇದಿಕೆ ಇಲ್ಲ, ಕುರ್ಚಿ ಇಲ್ಲ, ಹಾರ್ನ್ ಮಾತ್ರ ಇದೆ. ಶಾಲು ಮನೆಗೆ ಕಳಿಸುತ್ತಾರೆ. ಆಕೆಯ ಮನೆಯವರ ಕೆಲಸ ಉಳಿದಿದೆ. ಬೆರಳು ಹತ್ತೂ ಇವೆ.