ಕಟ್ಟೆಗೆ ಬಂದ ಕಂಪ್ಯೂಟರ್

ಪೋಷಕರ ಸಭೆಯಲ್ಲಿ ಸೈನ್ಸ್ ಮೇಡಂ ಖಡಕ್ಕಾಗಿ ಹೇಳಿದ್ದರು: "ವಯಸ್ಸಿಗೆ ಬಂದ ಮಕ್ಕಳಿರೋ ಮನ್ಯಾಗ ಕಂಪ್ಯೂಟರ್ ಮೂಲಿ ರೂಮಿನಾಗ ಇಡಬ್ಯಾಡ್ರಿ. ನೋಡಬಾರದ್ದೆಲ್ಲ ಅದರಾಗ ಬರ್ತೈತಿ. ನಾಕು ಮಂದಿ ಕಣ್ಣಿಗೆ ಬೀಳೋ ಜಾಗದಾಗ ಇಡ್ರಿ."

ಆದೋನಿಯ ಗುಮಾಸ್ತ ಎರ್ರಿಸ್ವಾಮಿ ಯಾವ ಆದೇಶವನ್ನೂ ಅಕ್ಷರ ಬಿಡದೆ ಪಾಲಿಸುವ ಮನುಷ್ಯ. ಮನೆಯಲ್ಲಿ ಇದ್ದದ್ದು ಅವನು, ಹೆಂಡತಿ ಶಿವಲಕ್ಷ್ಮಿ, ಹತ್ತನೇ ಕ್ಲಾಸಿನ ಮಗಳು ದೀಪಿಕಾ. ಒಟ್ಟು ಮೂರೇ ಮಂದಿ. ನಾಲ್ಕನೆಯವರಿಗಾಗಿ ಅವನು ಭಾನುವಾರ ಬೆಳಿಗ್ಗೆ ಕಂಪ್ಯೂಟರನ್ನು ಎತ್ತಿ ತಂದು ಬೀದಿಬದಿಯ ಕಟ್ಟೆಯ ಮೇಲಿಟ್ಟ.

"ಇದೇನ್ರೀ, ಮದುಮಗನ್ನ ಕೂಡ್ಸಿದಂಗ ಕೂಡ್ಸೀರಿ!" ಎಂದಳು ಶಿವಲಕ್ಷ್ಮಿ.

ಮೊದಲು ಬಂದವಳು ಎದುರುಮನೆಯ ಮುದುಕಿ ಲಿಂಗಕ್ಕ. "ಇದರಾಗ ನನ್ನ ತವರು ಕಾಣ್ತೈತೇನೋ?"

ಎರ್ರಿಸ್ವಾಮಿ ಆಕಾಶದಿಂದ ತೆಗೆದ ನಕ್ಷೆ ತೆರೆದ. ಅವಳ ತವರೂರು ಗೋನೆಗಂಡ್ಲ ನೀರಿನಡಿಯಿಂದ ಎದ್ದಂತೆ ಮೆಲ್ಲಗೆ ಮೇಲೆ ಬಂತು. "ಅಗೋ, ನಮ್ಮ ಬೇವಿನಮರ!" ಎಂದು ಲಿಂಗಕ್ಕ ಕರುವಿನ ಮೈ ಸವರಿದಂತೆ ಗಾಜನ್ನು ಸವರಿದಳು.

ಕುರಿ ಮೇಯಿಸಿ ಮುದುಕನಾದ ಕೆಂಚಣ್ಣನಿಗೆ ನಕ್ಷೆಯಲ್ಲೇ ತನ್ನ ಹಳೇ ದಾರಿ ಹಿಡಿದು ಕೌತಾಳಂನಿಂದ ತುಂಗಭದ್ರೆಯವರೆಗೆ ಹೋಗಬೇಕಿತ್ತು. "ನಿಧಾನಕ ನಡಿಸಪ್ಪಾ, ಮರಿಗಳು ಹಿಂದ ಬೀಳ್ತಾವ" ಎಂದ. ಕಪ್ಪು ಹೊಲ, ಕೆಂಪು ದಾರಿ, ಬಂಡೆಗುಡ್ಡ ತೇಲಿ ಹೋದವು. ಅಕ್ಕಿಯ ಮೊರ ಹಿಡಿದು ಬಂದ ಹೆಂಗಸರು ಕಲ್ಲು ಆರಿಸುವುದನ್ನು ಮರೆತರು. ಹತ್ತಿ ಮಿಲ್ಲಿನ ಕಡೆಯಿಂದ ಹಾರಿಬಂದ ಬಿಳಿ ಎಳೆಗಳು ಅವರ ತಲೆಗೂದಲ ಮೇಲೆ ಕೂತರೂ ಯಾರೂ ಕೊಡವಲಿಲ್ಲ. ಹೊಳೆ ಕಂಡಾಗ ಇಡೀ ಬೀದಿ ಉಸಿರು ಬಿಟ್ಟಿತು. ಕಂಪ್ಯೂಟರ್ ಹೊರಗೆ ಯಾಕೆ ಬಂತೆಂಬುದನ್ನು ಎರ್ರಿಸ್ವಾಮಿಯೇ ಮರೆತು ಎಲ್ಲೋ ಮೋಡದ ಮೇಲಿದ್ದ.

ನಾಲ್ಕು ಗಂಟೆಗೆ ದೀಪಿಕಾ ಅವನನ್ನು ಕೆಳಗಿಳಿಸಿದಳು. "ಅಪ್ಪಾ, ನಾಳಿ ಸೈನ್ಸ್ ಪರೀಕ್ಷೆ ಐತಿ. ಮೇಡಂ ಪಾಠದ ವಿಡಿಯೋ ಕಳ್ಸ್ಯಾರ. ಕಂಪ್ಯೂಟರ್ ಒಳಗ ಇಟ್ಟುಕೊಡು."

"ಇಲ್ಲೇ ನೋಡು."

"ಇಲ್ಲಿ ಬ್ಯಾಡಪ್ಪಾ..."

ಮೇಡಂ ಹೇಳಿದ 'ನೋಡಬಾರದ್ದು' ಎರ್ರಿಸ್ವಾಮಿಗೆ ಈಗ ನೆನಪಾಯಿತು. ಸಿಕ್ಕಿಬಿದ್ದಳು! "ಪಾಠ ಆದ್ರ ಮುಚ್ಚುಮರಿ ಯಾಕ?" ಎಂದವನೇ ತಾನೇ ವಿಡಿಯೋ ಹಚ್ಚಿ, ಬೀದಿಯ ಕೊನೆಗೂ ಕೇಳಲೆಂದು ಸೌಂಡ್ ಏರಿಸಿದ.

"ಮನುಷ್ಯರಲ್ಲಿ ಸಂತಾನೋತ್ಪತ್ತಿ!" ಎಂದು ಸ್ಪೀಕರ್ ಗುಡುಗಿತು. ತೆರೆಯ ಮೇಲೆ ಚಿತ್ರ ಮೂಡಿತು. ಎರ್ರಿಸ್ವಾಮಿ ನಿಲ್ಲಿಸಲೆಂದು ಎಲ್ಲೆಲ್ಲೋ ಒತ್ತಿದ. ಚಿತ್ರ ಉಬ್ಬಿ ತೆರೆತುಂಬ ಹರಡಿತು. ಕೆಂಚಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ, ಒಂದು ಕಣ್ಣು ಬಿಟ್ಟು. ಕೊನೆಗೆ ಎರ್ರಿಸ್ವಾಮಿ ವೈರನ್ನೇ ಕಿತ್ತ.

ತನ್ನ ಮರ್ಯಾದೆ ಇವತ್ತಿಗೆ ಮುಗಿಯಿತೆಂದು ಅವನು ತಲೆ ತಗ್ಗಿಸಿ ನಿಂತ.

"ಯಾಕ ಆರ್ಸಿದ್ಯೋ?" ಲಿಂಗಕ್ಕನ ದನಿ ಮೆತ್ತಗಿತ್ತು. "ಐದು ಹಡೆದೀನಿ. ಒಳಗ ಕೂಸು ಹೆಂಗ ಕುಂತಿರ್ತೈತಿ ಅಂತ ನನಗ ಒಬ್ರೂ ಹೇಳಿಲ್ಲ. ಹಚ್ಚು. ಯವ್ವಾ ದೀಪಿಕಾ, ನೀನು ಬಿಡಿಸಿ ಹೇಳು. ಗಂಡಸ್ರೆಲ್ಲ ಎದ್ದು ನಡೀರಿ!"

ಕೆಂಚಣ್ಣ ಕೋಲು ಎತ್ತಿಕೊಂಡು ಹೊರಟ. ಶಿವಲಕ್ಷ್ಮಿ ಕಟ್ಟೆಗೆ ಅಡ್ಡಲಾಗಿ ತನ್ನ ನೀಲಿ ಸೀರೆ ಕಟ್ಟಿ ತಾನೂ ಒಳಗೆ ಸೇರಿಕೊಂಡಳು. ಎರ್ರಿಸ್ವಾಮಿ ಬೀದಿಯಾಚೆ ಕಲ್ಲಿನ ಮೇಲೆ ಕೂತ. ಇಳಿಬಿಸಿಲಲ್ಲಿ ಸೀರೆ ಹೊಳೆಯಂತೆ ಅಲುಗುತ್ತಿತ್ತು. ಅದರ ಹಿಂದಿನಿಂದ ಮಗಳ ದನಿ ಟೀಚರಮ್ಮನ ದನಿಯಂತೆ ಅಂಜಿಕೆಯಿಲ್ಲದೆ ಕೇಳುತ್ತಿತ್ತು. ನಡುನಡುವೆ ಹೆಂಗಸರು "ಹೌದೇನಬೇ!" ಎನ್ನುತ್ತಿದ್ದರು.

ಮಗಳು ಏನು ತೋರಿಸುತ್ತಿದ್ದಾಳೋ ಎಂದು ಅವನ ಜೀವ ತಡೆಯಲಿಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಬಂದು ಸೀರೆಯ ಅಂಚು ಎತ್ತಿದ.

ಒಳಗಿಂದ ಲಿಂಗಕ್ಕನ ಕೈ ಬಂದು ಅವನ ಬೆರಳಿಗೆ ಫಟ್ಟನೆ ಬಿತ್ತು.

"ಏಯ್ ಎರ್ರಿಸ್ವಾಮಿ! ಇಂಥಾದ್ದೆಲ್ಲ ನೋಡೋ ವಯಸ್ಸೇನೋ ನಿಂದು? ದೂರ ಹೋಗಿ ಕೂಡು!"