ಬ್ಯಾಲದಕೆರೆಯ ಬಿತ್ತನೆ ಸುಧಾರಣೆ

ಕೊರಟಗೆರೆ ತಾಲ್ಲೂಕು ಬ್ಯಾಲದಕೆರೆ ಗ್ರಾಮದ ರೈತರು ಹಿಂದುಳಿದವರೆಂದು ೧೯೫೯ನೇ ಇಸವಿ ಮೇ ತಿಂಗಳಲ್ಲಿ ಅಧಿಕೃತವಾಗಿ ತೀರ್ಮಾನವಾಯಿತು. ತೀರ್ಮಾನ ಬೆಂಗಳೂರಿನಲ್ಲಿ ಆದ ಕಾರಣ ರೈತರಿಗೆ ವಿಷಯ ತಿಳಿದಿರಲಿಲ್ಲ. ತಿಳಿಸಲೆಂದೇ ಗಂಗಹನುಮಯ್ಯನನ್ನು ಕಳಿಸಲಾಯಿತು.

ಗಂಗಹನುಮಯ್ಯ ಬರಗೂರಿನವನು, ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿ. ಇಡೀ ಸಿರಾ ಸೀಮೆಯಲ್ಲಿ ಮಣ್ಣನ್ನು ಪುಸ್ತಕದಲ್ಲಿ ಓದಿದ ಮೊದಲನೇ ಗಂಡು ತಾನೇ ಎಂದು ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳದಿದ್ದುದರಿಂದ ಅವನೇ ಹೇಳಬೇಕಾಗಿತ್ತು. ಪದವಿ ಕೈಗೆ ಬರಲು ಒಂದೇ ಮೆಟ್ಟಿಲು ಬಾಕಿ: ಸಮುದಾಯ ಅಭಿವೃದ್ಧಿ ಎಂಬ ವಿಷಯದಲ್ಲಿ ಮೂರು ತಿಂಗಳು ಹಳ್ಳಿಯಲ್ಲಿದ್ದು, ಹತ್ತು ಮಂದಿ ರೈತರನ್ನು ಸುಧಾರಿಸಿ, ಏಳನೇ ನಮೂನೆಗೆ ಪ್ರೊಫೆಸರರ ಸಹಿ ಪಡೆಯಬೇಕು. ಸಹಿ ಬೀಳದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು. ನಮೂನೆಯಲ್ಲಿ ಎರಡೇ ಕಲಂ: 'ವಿದ್ಯಾರ್ಥಿ ಬರುವ ಮೊದಲು', 'ವಿದ್ಯಾರ್ಥಿ ಬಂದ ಮೇಲೆ'. ಅವನ ಪಾಲಿಗೆ ಬಂದ ಸುಧಾರಣೆ, ರಾಗಿಯನ್ನು ಕೈಯಲ್ಲಿ ಚೆಲ್ಲದೆ ಸಾಲಾಗಿ ಬಿತ್ತುವುದು.

ಮೊದಲ ದಿನವೇ ಚಾವಡಿಯಲ್ಲಿ ಜನ ಸೇರಿಸಿ, ಸಾಲು ಎಂದರೇನೆಂದು ಮುಕ್ಕಾಲು ಗಂಟೆ ವಿವರಿಸಿದ. ಚಿಕ್ಕನರಸಯ್ಯನೆಂಬ ರೈತ ಕೊನೆವರೆಗೂ ಕೈಕಟ್ಟಿ ಕೇಳಿ, ಆಮೇಲೆ ಮನೆಗೆ ಕರೆದೊಯ್ದು ಸೂರಿನಡಿ ತೂಗುಹಾಕಿದ್ದ ಹನ್ನೆರಡು ತಾಳಿನ ಕೂರಿಗೆ ತೋರಿಸಿದ.

"ಇದನ್ನ ಹೊಡೆದ್ರೆ ಒಂದೇ ಸಲಕ್ಕೆ ಹನ್ನೆರಡು ಸಾಲು ಬೀಳ್ತದೆ ಸಾಮಿ. ನಡುಮಧ್ಯೆ ಅವರೆ ಅಕ್ಕಡಿ ಸಾಲು ಹಾಕ್ತೀವಿ. ನಮ್ಮ ತಾತನ ತಾತನೂ ಇಂಗೇ ಬಿತ್ತಿದ್ದು. ನಿಮ್ಮೂರ ಕಡೆ ಹೆಂಗೆ?"

ಗಂಗಹನುಮಯ್ಯನ ಊರಲ್ಲೂ ಹಾಗೇ. ಅವನು ಮೀಸೆ ಬರುವ ಮುಂಚೆಯೇ ಕೂರಿಗೆ ಹಿಡಿದವನು. ಆದರೆ ರೈತನೆಂದರೆ ಬೀಜ ಚೆಲ್ಲುವವನೆಂದು ಮೂರು ವರ್ಷ ಪಾಠ ಬರೆದುಕೊಂಡು, ಪರೀಕ್ಷೆಯಲ್ಲೂ ಹಾಗೇ ಬರೆದು ಮೊದಲ ದರ್ಜೆ ಪಡೆದಿದ್ದರಿಂದ, ತನ್ನೂರಿನವರು ರೈತರ ಲೆಕ್ಕಕ್ಕೆ ಬರುವುದಿಲ್ಲವೆಂದು ಭಾವಿಸಿದ್ದ.

ಮರುದಿನವೇ ಬ್ಲಾಕ್ ಆಫೀಸಿಗೆ ಹೋದ. ಬಿ.ಡಿ.ಓ. ನಂದೀಶ್ವರಯ್ಯನವರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು.

"ಸಾಲಲ್ಲೇ ಬಿತ್ತೋರನ್ನ ಸಾಲಿಗೆ ತಂದೆ ಅಂತ ಬರೆಯಕ್ಕಾಗಲ್ಲ ಕಣ್ರೀ. ನಿಯಮ ಹದಿನಾಲ್ಕು ನೋಡಿ. ಸುಧಾರಿಸಿದವನನ್ನು ಪುನಃ ಸುಧಾರಿಸತಕ್ಕದ್ದಲ್ಲ."

"ಹಂಗಾರೆ ಬೇರೆ ಊರು ಕೊಡಿ ಸಾರ್. ಚೆಲ್ಲೋ ಊರು."

"ಮಧುಗಿರಿ, ಪಾವಗಡ, ಎಲ್ಲಾ ಕಡೆ ನಿಮ್ಮಂಥೋರು ಒಬ್ಬೊಬ್ಬರು ಕೂತು ಇದೇ ಕೇಳ್ತಾ ಇದಾರೆ. ನೀವು ಗಟ್ಟಿಗರು ಅಂತೀರಲ್ಲ, ಆ ಹತ್ತು ಜನಕ್ಕೆ ಮೊದಲು ಚೆಲ್ಲೋದು ಕಲಿಸಿ. ಆಮೇಲೆ ಬಿಡಿಸಿ."

ನಿಯಮಕ್ಕೆ ಒಪ್ಪುವ ಮಾತು. ತಳವಾರ ತಮಟೆ ಹೊಡೆದು ಸಾರಿದ: "ನಾಳೆ ಬೆಳಿಗ್ಗೆ ಹತ್ತು ಮಂದಿ ರೈತರು ಚಿಕ್ಕನರಸಯ್ಯನ ಹೊಲದಲ್ಲಿ ಹಾಜರಿದ್ದು, ಹಿಂದುಳಿದ ರೀತಿಯಲ್ಲಿ ಬಿತ್ತುವುದನ್ನು ಕಲಿಯತಕ್ಕದ್ದು. ಬೀಜ ಸರ್ಕಾರದ್ದು." ಕೊನೆಯ ವಾಕ್ಯದ ದೆಸೆಯಿಂದ ಹದಿನೇಳು ಮಂದಿ ಬಂದರು.

ಕಲಿಯುವುದು ಸುಲಭವಾಗಲಿಲ್ಲ. ಚಿಕ್ಕನರಸಯ್ಯ ಹಿಡಿ ತುಂಬ ರಾಗಿ ಹಿಡಿದು ಹೆಜ್ಜೆ ಹಾಕಿದರೆ ಬೀಜ ಗೆರೆ ಎಳೆದಂತೆ ಬೀಳುತ್ತಿತ್ತು.

"ಕೈ ಮಾತು ಕೇಳಾಕಿಲ್ಲ ಸಾಮಿ. ಸಾಲಿಗೇ ಹೋಯ್ತದೆ."

"ಮನಸ್ಸು ಕೊಟ್ಟು ಕೆಡಿಸಣ್ಣ," ಎಂದ ಗಂಗಹನುಮಯ್ಯ. ತಾನೇ ಮಾಡಿ ತೋರಿಸಲು ಹೋಗಿ ಅವನೂ ಗೆರೆಯನ್ನೇ ಎಳೆದ.

ಬದುವಿನ ಮೇಲೆ ಕೂತಿದ್ದ ಬಸವಮ್ಮನೆಂಬ ಮುದುಕಿ ಎಲೆಯಡಿಕೆ ಉಗಿದು, "ಕೋಳಿಗೆ ಕಾಳು ಹಾಕಾಕಿಲ್ವೇನ್ರಲಾ? ಅಂಗೆ ಎರಚ್ರಿ" ಎಂದಳು. ಅಂದು ಮಧ್ಯಾಹ್ನದೊಳಗೆ ಎಲ್ಲರೂ ಹಿಂದುಳಿದರು. ದಿನಚರಿಯಲ್ಲಿ ಆಕೆಯನ್ನು ತಾಂತ್ರಿಕ ಸಲಹೆಗಾರ್ತಿ ಎಂದು ನಮೂದಿಸಲಾಯಿತು.

ಅಷ್ಟರಲ್ಲಿ ಕಾಲೇಜಿನಿಂದ ಕಾಗದ ಬಂತು. ಪೆಟ್ರೋಲಿನ ಅಭಾವದಿಂದ ಪ್ರೊಫೆಸರ್ ಮಹಾಲಿಂಗಯ್ಯನವರು ಎರಡು ಸಲ ಬರುವ ಬದಲು ಒಂದೇ ಸಲ ಬಂದು, 'ಮೊದಲು' ಮತ್ತು 'ಮೇಲೆ' ಎರಡನ್ನೂ ಒಂದೇ ದಿನ ನೋಡುವರು. ಗಂಗಹನುಮಯ್ಯ ಹೆದರುವ ಪೈಕಿಯಲ್ಲ. ಕೊರಟಗೆರೆ ಕಡೆಯಿಂದ ಬಂದರೆ ಊರಿನ ಈಚೆ ಚೆಲ್ಲಿದ ಹೊಲ ಮೊದಲು ಸಿಗುವಂತೆಯೂ, ಆಚೆ ಕೂರಿಗೆ ಹೊಲ ಆಮೇಲೆ ಸಿಗುವಂತೆಯೂ ಏರ್ಪಾಟು ಮಾಡಿದ.

ಕೊರಟಗೆರೆ ಕಡೆಯ ಮೋರಿ ಕುಸಿದದ್ದರಿಂದ ಜೀಪು ತೋವಿನಕೆರೆ ಕಡೆಯಿಂದ ಬಂತು.

ಪ್ರೊಫೆಸರು ಜೀಪಿನಿಂದ ಇಳಿಯಲಿಲ್ಲ. ಮೊಳಕಾಲುದ್ದ ಬಂದಿದ್ದ ಸಾಲು ರಾಗಿ ನೋಡಿ 'ಮೊದಲು' ಕಲಮಿನಲ್ಲಿ ಬರೆದರು. ಊರು ದಾಟಿ, ಕಳೆಯೋ ಪೈರೋ ತಿಳಿಯದ ಹೊಲ ನೋಡಿ 'ಮೇಲೆ' ಕಲಮಿನಲ್ಲಿ ಬರೆದರು.

"ಬದಲಾವಣೆ ಎದ್ದು ಕಾಣ್ತದೆ," ಎಂದರು.

"ಸಾರ್, ಅದು..." ಎಂದ ಗಂಗಹನುಮಯ್ಯ.

"ಏನಾದರೂ ತಪ್ಪಾಗಿದೆಯೇನ್ರೀ? ಇದ್ದರೆ ಹೇಳಿ, ಮುಂದಿನ ವರ್ಷ ಬಂದು ತಿದ್ದೋಣ. ನೀವೂ ಇರ್ತೀರಲ್ಲ."

ಗಂಗಹನುಮಯ್ಯ ಎರಡೂ ಹೊಲಗಳ ಕಡೆ ನೋಡಿದ. ಆಮೇಲೆ ಪೆನ್ನಿನ ಕಡೆ ನೋಡಿದ.

"ಇಲ್ಲ ಸಾರ್. ಸರಿಯಾಗಿದೆ."

ಸಹಿ ಬಿತ್ತು. ಚೆಲ್ಲಿದ ಹೊಲದಲ್ಲಿ ಅರ್ಧ ಬೆಳೆಯೂ ಆಗಲಿಲ್ಲ. ಆದರೆ ನಮೂನೆಯಲ್ಲಿ ಇಳುವರಿಗೆ ಕಲಂ ಇರಲಿಲ್ಲ.

ಮರುವರ್ಷ ಸುತ್ತೋಲೆ ಹೊರಟಿತು: "ಸಾಲು ಬಿತ್ತನೆಯೆಂಬ ಅವೈಜ್ಞಾನಿಕ ಪದ್ಧತಿಯನ್ನು ತೊರೆದು, ರೈತರು ಬ್ಯಾಲದಕೆರೆ ಪದ್ಧತಿಯನ್ನು ಅನುಸರಿಸತಕ್ಕದ್ದು." ಅದನ್ನು ಜಾರಿಗೆ ತರಲು ಪದವೀಧರ ಗಂಗಹನುಮಯ್ಯನನ್ನೇ ವಿಸ್ತರಣಾಧಿಕಾರಿಯಾಗಿ ನೇಮಿಸಲಾಯಿತು. ಅವನು ಸುತ್ತೋಲೆ ಹಿಡಿದು ಬ್ಯಾಲದಕೆರೆಗೆ ಬಂದಾಗ ಚಾವಡಿಯಲ್ಲಿ ಯಾರೂ ಗಾಬರಿಯಾಗಲಿಲ್ಲ.

"ಆಗ್ಲೇ ಒಪ್ಕಂಡಿದೀವಿ ಬುಡಿ ಸಾಮಿ," ಎಂದ ಚಿಕ್ಕನರಸಯ್ಯ. "ರಸ್ತೆ ಬದಿಗೆ ನಾಕು ಮಾರು ಚೆಲ್ತೀವಿ, ಒಳಗಡೆ ಕೂರಿಗೆ ಹೊಡೀತೀವಿ. ಜೀಪು ಒಳಕ್ಕೆ ಇಳಿಯಾಕಿಲ್ಲವಲ್ಲ."

"ಮುಂದಿನ ತಿಂಗಳು ಇನ್ನೊಬ್ಬ ವಿದ್ಯಾರ್ಥಿ ಬರ್ತಾನೆ ಕಣಣ್ಣ. ಅವನಿಗೂ ಹತ್ತು ಜನ ಹಿಂದುಳಿದೋರು ಬೇಕು."

"ಅದ್ಕೂ ಸರದಿ ಮಾಡ್ಕಂಡಿದೀವಿ. ಈ ವರ್ಷ ಹಿಂದುಳಿಯೋದು ಕೆಳಗಲ ಬೀದಿ, ಮುಂದುವರಿಯೋದು ಮೇಗಲ ಬೀದಿ. ಬರೋ ವರ್ಷ ಅದಲುಬದಲು. ಯಾರಿಗೂ ಅನ್ಯಾಯ ಆಗಬಾರ್ದು, ಬೀಜ ಬರ್ತದಲ್ಲ."

ಗಂಗಹನುಮಯ್ಯ ರಿಜಿಸ್ಟರು ತೆಗೆದು ಬೀದಿವಾರು ಬರೆದುಕೊಂಡ. ಹಿಂದೆ ನಿಂತಿದ್ದ ಬಸವಮ್ಮ ಮುಂದೆ ಬಂದು, "ನಮ್ಮದು ಮೂಲೆ ಮನೆ ಕಣಪ್ಪ, ಎರಡು ಬೀದಿಗೂ ಬಾಗಿಲು. ನಾವು ಎಂಗಿರಾನ?" ಎಂದಳು.

ಗಂಗಹನುಮಯ್ಯ ನಿಯಮಾವಳಿ ತಿರುವಿ ಹಾಕಿ, ಸಿಗದೆ, ತಾನೇ ಒಂದು ಬರೆದು ಓದಿ ಹೇಳಿದ: "ಮೂಲೆ ಮನೆಯವರು ಮುಂಗಾರಿನಲ್ಲಿ ಹಿಂದುಳಿದು ಹಿಂಗಾರಿನಲ್ಲಿ ಮುಂದುವರಿಯತಕ್ಕದ್ದು."

"ಅಂಗಾರೆ ಸರಿ ಬುಡು," ಎಂದು ಬಸವಮ್ಮ ಹೆಬ್ಬೆಟ್ಟೊತ್ತಿ, ಹಸುವಿಗೆ ಹುಲ್ಲು ಹಾಕಲು ಹೋದಳು.