ಮಾವನ ದೋಣಿಗೆ ಅಳಿಯನ ಬಣ್ಣ

"ಪೇಂಟರ್ ಯಾಕೆ? ನಾನಿಲ್ವಾ!" ಎಂದು ನಮ್ಮ ಗುಮಾಸ್ತರು ಎದೆ ತಟ್ಟಿಕೊಂಡದ್ದೇ ತಪ್ಪಾಯಿತು.

ವೆಲ್ಡಿಂಗ್ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದ ಮಾವ ತಮ್ಮ ಕೈಯಾರೆ ಕಟ್ಟಿದ ಕಬ್ಬಿಣದ ದೋಣಿಯನ್ನು ಮಗಳಿಗೆ ಕೊಟ್ಟಿದ್ದರು. ಅದು ಗುಮಾಸ್ತರ ಹಿತ್ತಲಲ್ಲಿ ಬೋರಲು ಬಿದ್ದು ತುಕ್ಕು ಹಿಡಿದಿತ್ತು. ಭಾನುವಾರ ಅಪ್ಪ, ಮಗಳು ಅದರಲ್ಲಿ ಕೆರೆ ಸುತ್ತುವುದೆಂದು ನಿಶ್ಚಯವಾಗಿತ್ತು.

"ಮೊದಲು ತುಕ್ಕು ಕೆರೀರಿ. ಆಮೇಲೆ ಪ್ರೈಮರ್. ಅದು ಪೂರ್ತಿ ಒಣಗಿದ ಮೇಲೆ ಬಣ್ಣ," ಎಂದರು ಮಾವ ಫೋನಿನಲ್ಲಿ.

"ಇಪ್ಪತ್ತು ವರ್ಷ ಕಡತಗಳ ಧೂಳು ಕೊಡವಿದವನಿಗೆ ಇದೊಂದು ಕೆಲಸವೇ ಮಾವ!"

ಗುರುವಾರ ರಜೆ ಹಾಕಿ, ತಂತಿ ಬ್ರಷ್ ಹಿಡಿದು ಗುಮಾಸ್ತರು ಯುದ್ಧಕ್ಕಿಳಿದರು. ದೋಣಿಯ ತಳದಲ್ಲಿ ಒಂದು ಗಂಟು ಸಿಕ್ಕಿತು. ಬ್ರಷ್ಷಿಗೆ ಜಗ್ಗಲಿಲ್ಲ. ಉಳಿ, ಸುತ್ತಿಗೆ ತಂದು ನಾಲ್ಕು ಬಾರಿಸಿದರು.

"ಏನ್ರೀ ಅದು ಸದ್ದು?" ಒಳಗಿನಿಂದ ಹೆಂಡತಿ ಕೂಗಿದಳು.

"ತುಕ್ಕು ಕಣೇ! ಬುಡಸಮೇತ ಕೀಳ್ತಿದೀನಿ!"

ಗಂಟು ಕಿತ್ತು ಬಂತು. ಆ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು! ಕಿತ್ತದ್ದು ತುಕ್ಕಲ್ಲ, ಮಾವ ಹಿಂದೆ ಯಾವಾಗಲೋ ಹಾಕಿದ್ದ ತೇಪೆ.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಮಾನ ಹೋಗುತ್ತಲ್ಲ! ದಿನಪತ್ರಿಕೆಯ ತುಂಡಿಗೆ ಅಂಟು ಬಳಿದು ಮೆತ್ತಿದರು. ಒಣಗುವ ಮೊದಲೇ ಅದರ ಮೇಲೆ ಪ್ರೈಮರ್, ಪ್ರೈಮರ್ ಒಣಗುವ ಮೊದಲೇ ನೀಲಿ ಬಣ್ಣ, ಮೂರು ಕೋಟು! ಶುಕ್ರವಾರ ಏನೂ ಆಗದವರಂತೆ ಆಫೀಸಿಗೆ ಹೋದರು. ಎರಡು ರಾತ್ರಿ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಭಾನುವಾರ ಕೆರೆಯ ದಡದಲ್ಲಿ ಮಾವ ದೋಣಿಯ ಮೈ ಸವರಿ, "ಭೇಷ್ ಅಳಿಯಂದ್ರೇ!" ಎಂದರು. ಗುಮಾಸ್ತರ ಕಿವಿ ಬಿಸಿಯಾಯಿತು.

"ಕೈ ಕೊಡ್ರೀ," ಎಂದಳು ಹೆಂಡತಿ. ಅವಳಿಗೆ ಈಜು ಬರುತ್ತಿರಲಿಲ್ಲ. ಈಗಲಾದರೂ ಹೇಳಬೇಕು ಎಂದುಕೊಂಡೇ ಗುಮಾಸ್ತರು ಕೈ ಕೊಟ್ಟು ಹತ್ತಿಸಿದರು. ಹಿಂದೆಯೇ ಕರೆಯದಿದ್ದರೂ ತಾವೂ ಹಾರಿ, ತೂತಿದ್ದ ಜಾಗ ಅಂದಾಜು ಮಾಡಿ, ಹಿಮ್ಮಡಿ ಒತ್ತಿ ಕೂತರು.

"ಹುಟ್ಟು ಹಾಕ್ತೀರಾ?" ಮಾವ ಕೇಳಿದರು.

"ಬೇಡ ಮಾವ, ಹೀಗೇ ಹಾಯಾಗಿದೆ!"

"ಒಂದು ಹನಿ ನೀರು ಒಳಗೆ ಬಂದಿಲ್ಲ ನೋಡಿ. ಎಂಥಾ ಕೆಲಸ!"

ಒಂದೊಂದು ಹೊಗಳಿಕೆಯೂ ಕಪಾಳಕ್ಕೆ ಬಾರಿಸಿದಂತಿತ್ತು. ಕಾಲು ಮರಗಟ್ಟಿತು. ನಡುಕೆರೆ ತಲುಪಿದಾಗ ಹೆಂಡತಿ, "ಸ್ವಲ್ಪ ಏಳ್ರೀ, ನಾನು ಆ ಕಡೆ ಕೂತ್ಕೋತೀನಿ," ಎಂದಳು.

"ಏಳಲ್ಲ! ಎದ್ರೆ ಎಲ್ರೂ ಮುಳುಗ್ತೀವಿ! ಕಾಲ ಕೆಳಗೆ ತೂತಿದೆ ಕಣೇ! ನಾನೇ ಮಾಡಿದ್ದು, ನಾನೇ ಮುಚ್ಚಿಟ್ಟಿದ್ದು!" ಗುಮಾಸ್ತರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡರು.

ಇಬ್ಬರೂ ಬೆಚ್ಚಲಿಲ್ಲ. ಮಾವ ಹುಟ್ಟು ಹಾಕುತ್ತಲೇ ಇದ್ದರು.

"ಕಾಲು ತೆಗೀರಿ," ಎಂದಳು ಹೆಂಡತಿ. ಕಣ್ಣು ಮುಚ್ಚಿ ತೆಗೆದರು. ಒಂದು ಹನಿಯೂ ಬರಲಿಲ್ಲ!

"ದೋಣಿ ಒಳಗಿಂದ ನೋಡಿದ್ರೆ ನಿಮ್ಮ ಪೇಪರಲ್ಲಿ ಹವಾಮಾನ ವರದಿ ಓದಬಹುದಿತ್ತು. ಶುಕ್ರವಾರ ನೀವು ಆಫೀಸಿಗೆ ಹೋದ್ಮೇಲೆ ಅಪ್ಪನ್ನ ಕರೆಸಿ ಬೆಸುಗೆ ಹಾಕಿಸಿದೆ. ಗೊತ್ತಾಗದ ಹಾಗೆ ಒಳಗೂ ಹೊರಗೂ ನಾನೇ ಬಣ್ಣ ಹಚ್ಚಿದೆ."

"ಗೊತ್ತಿದ್ದೂ ಸುಮ್ನಿದ್ಯಾ? ನನ್ನನ್ನ ನಂಬಿ ಹತ್ತಿದೆ ಅಂದ್ಕೊಂಡು ನನ್ನ ಜೀವ ಹೋಗಿತ್ತಲ್ಲೇ!"

"ನಿಮ್ಮನ್ನ ಕೇಳಿದ್ದು ಕೈ ಮಾತ್ರ," ಎಂದಳು ಅವಳು. "ನಂಬಿದ್ದು ಅಪ್ಪನ ಬೆಸುಗೇನ."